ಫೈನ್ ಪುಟದ ಹದಿನೇಳು ಸಣ್ಣ

ಪಾಂಡು ಮಾಸ್ತರರು ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾದದ್ದು ಒಂದೇ ಒಂದು ಇಂಗ್ಲಿಷ್ ಶಬ್ದದಿಂದ. ಹಾಗಂತ ಅವರೇ ಹೇಳಿಕೊಳ್ಳುತ್ತಿದ್ದರು. ಗಣಿತದಲ್ಲಿ ಎಷ್ಟು ಮಾರ್ಕು ಬಿದ್ದಿತ್ತೆಂಬುದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಆ ಶಬ್ದ ಫೈನ್. ಅವರ ತಂದೆ ವಿಜಾಪುರದ ಕೋರ್ಟಿನಲ್ಲಿ ಕಾರಕೂನ. ಆ ಮನೆಯಲ್ಲಿ ಫೈನ್ ಎಂದರೆ ದಂಡ, ಅಲ್ಲಿಗೆ ಮುಗಿಯಿತು. ಪರೀಕ್ಷೆಯಲ್ಲಿ ಮುದುಕಿಯೊಬ್ಬಳು ಫೈನ್ ನೂಲು ತೆಗೆಯುತ್ತಿದ್ದಳು ಎಂಬ ವಾಕ್ಯ ಬಂತು. ಹುಡುಗ ಪಾಂಡು 'ಮುದುಕಿಯು ದಂಡ ತುಂಬಲು ನೂಲು ತೆಗೆಯುತ್ತಿದ್ದಳು' ಎಂದು ಕನ್ನಡಿಸಿ, ಅಂಥ ಮುದುಕಿಗೂ ದಂಡ ಹಾಕಿದ ಸರಕಾರವನ್ನು ಬೈಯುತ್ತ ಮನೆಗೆ ಬಂದ. ಮುಂದಿನ ವರ್ಷ ಮತ್ತೆ ಅದೇ ಪುಸ್ತಕ, ಅದೇ ಬೆಂಚು.

ಹದಿನೈದು ವರ್ಷಗಳ ಮೇಲೆ ಟಿಕೋಟಾ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ನಿಂತಾಗ ಆ ಮುದುಕಿ ಮತ್ತೆ ನೆನಪಾದಳು. ಹೊನವಾಡದಿಂದ ನಡೆದು ಬರುತ್ತಿದ್ದ ಮಕ್ಕಳು ಒಂದು ಇಂಗ್ಲಿಷ್ ಶಬ್ದಕ್ಕೆ ನಿಘಂಟಿನಲ್ಲಿ ಅರ್ಥ ಹುಡುಕಿ, ಆ ಅರ್ಥಕ್ಕೆ ಇನ್ನೊಂದು ಅರ್ಥ ಕೇಳಲು ಮಾಸ್ತರರ ಹತ್ತಿರ ಬರುತ್ತಿದ್ದವು. ನಿಘಂಟು ಕನ್ನಡದ್ದೇ, ಆದರೆ ಅದರ ಕನ್ನಡ ಅವರ ಮನೆಯಲ್ಲಿ ಯಾರೂ ಆಡದ ಕನ್ನಡ. ಆಗ ಮಾಸ್ತರರು ಹಟ ಹಿಡಿದು ಕೂತರು. ಮನೆಯಲ್ಲಿ ಅವ್ವ ಆಡುವ ಮಾತಿನಲ್ಲೇ ಅರ್ಥ ಹೇಳುವ ಒಂದು ಪುಸ್ತಕ, ಅಂಗಿಯ ಕಿಸೆಯಲ್ಲಿ ಹಿಡಿಯುವಂಥದ್ದು. ನಾಲ್ಕು ವರ್ಷ ಬರೆದರು. ಬರೆದು ಮುಗಿಸುವ ಹೊತ್ತಿಗೆ ಯುದ್ಧ ಬಂದು ಕಾಗದವೇ ಇಲ್ಲವಾಗಿತ್ತು.

ಕಾಗದಕ್ಕೂ ಪರ್ಮಿಟ್ಟು ಬೇಕಾಗಿದ್ದ ಕಾಲ. ಹದಿನಾಲ್ಕು ಅರ್ಜಿ ಹಾಕಿದ ಮೇಲೆ ಸಿಕ್ಕ ಪರ್ಮಿಟ್ಟು ಸಾವಿರದ ಒಂಬೈನೂರಾ ನಲವತ್ತನಾಲ್ಕರ ಮಾರ್ಚ್ ಮೂವತ್ತೊಂದಕ್ಕೆ ತೀರುತ್ತಿತ್ತು. ಅಂದು ಸಂಜೆ ಐದಕ್ಕೆ ಕಂಟ್ರೋಲ್ ಆಫೀಸಿನವರು ಬಂದು, ಪೂರ್ತಿ ಅಚ್ಚಾಗದೆ ಉಳಿದ ಹಾಳೆಗಳನ್ನು ಎತ್ತಿಕೊಂಡು ಹೋಗುವವರಿದ್ದರು. ಇಪ್ಪತ್ತೊಂಬತ್ತನೇ ತಾರೀಖು, ಬುಧವಾರ, ಮಾಸ್ತರರು ವಿಜಾಪುರದ ಅಚ್ಚುಕೂಟಕ್ಕೆ ಹೋದರು. ಮಾಲೀಕ ಕುತುಬುದ್ದೀನ ಅವರನ್ನು ಕಂಡೊಡನೆ ಕನ್ನಡಕ ತೆಗೆದು ಒರೆಸತೊಡಗಿದ. ಕೆಟ್ಟ ಸುದ್ದಿ ಇದ್ದಾಗಲೆಲ್ಲ ಅವನು ಹಾಗೇ ಮಾಡುತ್ತಿದ್ದ.

"ಎಲ್ಲಾ ಮುಗದೈತ್ರಿ ಮಾಸ್ತರ. ಮುನ್ನುಡಿ ಆತು, ಜಡ್ ತನಕ ಆತು. ಈ ಎಫ್ ಅಕ್ಷರದ್ದ ಒಂದು ಫರ್ಮಾ ಉಳದೈತಿ, ನಾಕ ಪುಟದ್ದು. ಹಿಂದಿನ ಮಗ್ಗಲಾ ಛಾಪಾ ಆಗೈತಿ, ಮುಂದಿನ ಮಗ್ಗಲಾ ಬಾಕಿ."

"ಮತ್ತ ಅದನ್ಯಾಕ ಬಿಟ್ಟೀರಿ?"

ಕುತುಬುದ್ದೀನ ಮೂಲೆಯ ಕಲ್ಲಿನ ಮೇಜಿನತ್ತ ಕೈ ಮಾಡಿದ. ಅಲ್ಲಿ ಹಗ್ಗ ಕಟ್ಟಿ ಬಿಗಿದಿಟ್ಟ ಸೀಸದ ಅಚ್ಚುಮೊಳೆಗಳ ದೊಡ್ಡ ಪುಟಗಳು ಕೂತಿದ್ದವು. ಸರಕಾರದ ರೇಶನ್ ಜಾಹೀರಾತು. ಮೇಲಿಂದ ಕೆಳಗಿನವರೆಗೆ ಸೀಮೆಎಣ್ಣೆ, ಸೀಮೆಎಣ್ಣೆ, ಸೀಮೆಎಣ್ಣೆ. ಪ್ರತಿಯೊಂದರಲ್ಲೂ ಣಕಾರದ ಕೆಳಗೆ ಕೊಡುವ ಒತ್ತಿನ ಮೊಳೆ ಒಂದೊಂದು ಸಿಕ್ಕಿಬಿದ್ದಿತ್ತು. ಪ್ರತಿ ತಿಂಗಳೂ ಅದನ್ನೇ ಅಚ್ಚು ಹಾಕಬೇಕಾದ್ದರಿಂದ ಬಿಚ್ಚಬಾರದೆಂದು ಹುಕುಂ. ಪುಣೆಯಿಂದ ಹೊಸ ಮೊಳೆ ತರಿಸೋಣವೆಂದರೆ ಸೀಸವೆಲ್ಲ ಗುಂಡು ಮಾಡಲಿಕ್ಕೆ ಹೋಗಿತ್ತು.

"ನನ್ನ ಹಂತೇಕ ಆ ಒತ್ತು ಉಳದದ್ದು ಐದ," ಎಂದು ಕುತುಬುದ್ದೀನ ಬೆರಳು ಮಡಚಿದ. "ಹೆಣ್ಣು, ಅದಕ್ಕೊಂದು. ಅತ್ತಿಹಣ್ಣು, ಅದಕ್ಕೊಂದು. ಫಲವತ್ತಾದ ಮಣ್ಣು, ಕಣ್ಣಿನ ಪೊರೆ. ನಾಕು ಹ್ವಾದೂ. ಉಳೀತು ಒಂದು. ಇನ್ನ ನಿಮ್ಮ ಫೈನ್ ನೋಡ್ರಿ ಸಾಹೇಬರ! ಸಣ್ಣ ಹಿಟ್ಟು, ಸಣ್ಣ ಉಸುಕು, ಸಣ್ಣ ನೂಲು, ಸಣ್ಣ ಮಳೆ, ಸಣ್ಣ ಹಲ್ಲಿನ ಹಣಿಗೆ... ಹದಿನೇಳು ಸಣ್ಣ! ಒಂದ ಮೊಳಿ ಇಟಗೊಂಡು ಹದಿನೇಳು ಸಣ್ಣ ನಾ ಎಲ್ಲಿಂದ ತರಲಿ?"

"ಸೂಕ್ಷ್ಮ ಅಂತ ಹಾಕಿಬಿಡ್ರಿ," ಎಂದರು ಮಾಸ್ತರರು. ಅಂದ ಮರುಗಳಿಗೆಯೇ ಅವರಿಗೆ ನಾಚಿಕೆಯಾಯಿತು. ಸೂಕ್ಷ್ಮ ಹಿಟ್ಟು! ಹೊನವಾಡದ ಯಾವ ಅವ್ವ ಸೂಕ್ಷ್ಮ ಹಿಟ್ಟು ಬೀಸುತ್ತಾಳೆ? ಅಂಥ ಮಾತು ಹಾಕುವುದಾದರೆ ನಾಲ್ಕು ವರ್ಷ ಒದ್ದಾಡಿದ್ದು ಯಾತಕ್ಕೆ?

"ಶುಕ್ರವಾರ ತನಕ ಹದಿನಾರು ಬ್ಯಾರೆ ಮಾತು ತರ್ರಿ, ನಾ ಮೊಳಿ ಜೋಡಸ್ತೀನಿ. ಇಲ್ಲಾಂದ್ರ ಐನೂರು ಹಾಳಿ ಒಂದ ಮಗ್ಗಲಾ ಛಾಪಾ ಆಗಿದ್ದು ಕಡ್ಲಿ ಕಟ್ಟಾಕ ಚಲೋ ಆಗ್ತಾವ," ಎಂದ ಕುತುಬುದ್ದೀನ. ಹೇಳಿದ್ದು ನಗುತ್ತಲೇ, ಆದರೆ ಅವನ ಮುಖವೂ ಬಾಡಿತ್ತು. ಎಫ್ ಇಲ್ಲದ ನಿಘಂಟನ್ನು ಯಾವ ಪುಣ್ಯಾತ್ಮ ಕೊಳ್ಳುತ್ತಾನೆ?

ಪೆಟ್ರೋಲು ಸಿಗದ ಆ ದಿನಗಳ ಇದ್ದಿಲು ಗ್ಯಾಸಿನ ಮೋಟಾರು ಬಸ್ಸಿನಲ್ಲಿ ಮಾಸ್ತರರು ಟಿಕೋಟಾಕ್ಕೆ ವಾಪಸು ಬಂದರು. ದಿಬ್ಬ ಬಂದಲ್ಲೆಲ್ಲ ಕೆಳಗಿಳಿದು ನೂಕುವಾಗ ಕೂಡ ಅವರ ಬಾಯಲ್ಲಿ ಒಂದೇ ಜಪ. ಸಣ್ಣ, ಸಣ್ಣ, ಸಣ್ಣ. ಎಷ್ಟು ಜಪಿಸಿದರೂ ಅದರ ಹಿಂದಿನಿಂದ ಇನ್ನೊಂದು ಮಾತು ಇಣುಕಲಿಲ್ಲ. ಒಂದು ಮಾತು ಬಾಯಿಗೆ ರೂಢಿಯಾದರೆ ಉಳಿದ ಮಾತುಗಳನ್ನೆಲ್ಲ ಅದೇ ನುಂಗಿಬಿಡುತ್ತದೆ.

ಮನೆಯ ಕಟ್ಟೆಯ ಮೇಲೆ ಯಜಮಾನ ಸಣ್ಣಪ್ಪ ಕೂತಿದ್ದ. ಮಾಸ್ತರರು ಎರಡು ವರ್ಷದಿಂದ ಅವನ ಮನೆಯ ಮುಂಗೋಣೆಯಲ್ಲಿ ಬಾಡಿಗೆಗಿದ್ದರು. ಆಳು ಆರಡಿ ಎತ್ತರ, ಮೀಸೆ ಗೇಣುದ್ದ, ಹೆಸರು ಸಣ್ಣಪ್ಪ. ಈ ಹೆಸರಿನಿಂದ ಹುಟ್ಟಿದಾಗಿನಿಂದ ಚೇಷ್ಟೆಗೆ ಗುರಿಯಾದವನು, ಹೋದ ತಿಂಗಳು ಮಾಸ್ತರರು ಫೈನ್ ಪುಟ ಓದಿ ತೋರಿಸಿದಾಗಿನಿಂದ ಎದೆ ಉಬ್ಬಿಸಿ ಓಡಾಡುತ್ತಿದ್ದ. "ಇಂಗ್ಲಿಷ್ ಪುಸ್ತಕದಾಗ ಹದಿನೇಳ ಸಲ ನನ್ನ ಹೆಸರೈತಿ! ಗೌಡಂದು ಒಂದ ಸಲಾನೂ ಇಲ್ಲ!" ಎಂದು ಚಾವಡಿಯಲ್ಲಿ ಸಾರಿದ್ದ.

"ಬಂತೇನ್ರಿ ಪುಸ್ತಕ?" ಎಂದು ಅವನು ಕೇಳಿದ. ಮಾಸ್ತರರು ತಲೆನೋವೆಂದು ಹೇಳಿ ಕೋಣೆ ಸೇರಿಕೊಂಡರು.

ಗುರುವಾರ ಬೆಳಗ್ಗೆ ಅವರಿಗೆ ಎಚ್ಚರವಾದದ್ದು ಬೀಸುಕಲ್ಲಿನ ಸದ್ದಿಗೆ. ಪಡಸಾಲೆಯಲ್ಲಿ ಮನೆಯಾಕೆ ಮತ್ತು ಪಕ್ಕದ ಮನೆಯ ಲಕ್ಕವ್ವ ಎದುರುಬದುರು ಕೂತು ಜೋಳ ಬೀಸುತ್ತಿದ್ದರು. ಇಬ್ಬರೂ ಹಿಂದೆ ಮುಂದೆ ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರು, ಇಪ್ಪತ್ತೆಂಟು ವರ್ಷದಿಂದ ಒಂದೇ ಕಲ್ಲಿಗೆ ಕೂತವರು. ಮನೆಯಾಕೆಯ ತವರು ಬಬಲೇಶ್ವರ. ಊರಿಗೆಲ್ಲ ಆಕೆ ಬಬಲೇಶ್ವರದಾಕಿ, ಮಾಸ್ತರರಿಗೆ ಅಕ್ಕಾರು, ನಿಡೋಣಿಗೆ ಕೊಟ್ಟ ಮಗಳಿಗೆ ಅವ್ವ, ಸಣ್ಣಪ್ಪನಿಗೆ 'ಏ, ಕೇಳಿಲ್ಲೆ'.

"ಇಷ್ಟ ಸಣ್ಣ ಸಾಕೇನ ಬೇ?" ಎಂದು ಲಕ್ಕವ್ವ ಹಿಟ್ಟು ಮುಟ್ಟಿ ಕೇಳಿದಳು.

"ಇನ್ನೊಂದೀಟ ಬಾರೀಕ ಆಗ್ಲಿ."

ಮಾಸ್ತರರು ಹಾಸಿಗೆಯ ಮೇಲೆ ಎದ್ದು ಕೂತರು. ಬಾರೀಕ! ಎಲಾ, ಈ ಮಾತು ಎಲ್ಲಿ ಅಡಗಿತ್ತು?

"ಯವ್ವಾ, ನಮ್ಮನಿಯಾಗ ಸಣ್ಣ ಕೂಸು ಅಳಾಕತ್ತೈತಿ ನೋಡು. ಸೊಸಿ ಎಲ್ಲಿ ಹೋಗ್ಯಾಳೋ," ಎಂದಳು ಲಕ್ಕವ್ವ.

"ಎಳಿ ಕೂಸು, ಅಳಲಾರದ ಇರತೈತೇನ? ಎದ್ದ ಹೋಗ ಮೊದಲ."

"ಹೊಕ್ಕೀನಿ. ಸಣ್ಣ ದಾರ ಇದ್ರ ಕೊಡು, ಕೌದಿ ಹೊಲೀಬೇಕು."

"ಎಳಿ ತಗದದ್ದು ಐತಿ, ತಡಿ ಕೊಡ್ತೀನಿ."

ಮಾಸ್ತರರು ಕೈಗೆ ಸಿಕ್ಕ ಪೆನ್ಸಿಲ್ ಹಿಡಿದು ಹಾಗೇ ಹೊರಗೆ ಓಡಿ ಬಂದರು. ಲಕ್ಕವ್ವ ಬಾಯಿ ತುಂಬ ಸಣ್ಣ ಅನ್ನುತ್ತಿದ್ದಾಳೆ, ಈಕೆ ಒಂದು ಸಲವೂ ಅನ್ನುತ್ತಿಲ್ಲ. ಈಕೆಯ ಹತ್ತಿರ ಒಂದು ಕಣಜವೇ ಇದೆ! ಸಂತೋಷ ಹೆಚ್ಚಾದಾಗ ಬುದ್ಧಿ ಕೆಲಸ ಮಾಡುವುದಿಲ್ಲ. ನೇರವಾಗಿ ಕೇಳಿಯೇಬಿಟ್ಟರು: "ಅಕ್ಕಾರ, ಸಣ್ಣ ಅನ್ನೋದಕ್ಕ ನೀವು ಏನೇನ ಅಂತೀರಿ? ಸಣ್ಣ, ಸಣ್ಣ! ಹೇಳ್ರಿ!"

ಆಕೆಯ ಮುಖ ಕೆಂಪಾಯಿತು. ಸೆರಗು ಎಳೆದುಕೊಂಡು ಎದ್ದು ದಡದಡ ಒಳಗೆ ಹೋದಳು. ಒಳಗಿನಿಂದ ಕೊಡ ಕುಕ್ಕಿದ ಸದ್ದು ಬಂತು.

ಲಕ್ಕವ್ವ ಬಾಯಿಗೆ ಸೆರಗು ಒತ್ತಿ ನಕ್ಕಳು. "ಏನ್ರಿ ಮಾಸ್ತರ, ಇಷ್ಟ ಕಲತೀರಿ! ಗಂಡನ ಹೆಸರ ಹಿಡದು, ಏನ ಅಂತೀ ಅಂತ ಕೇಳಿದ್ರ ಹೇಂತಿ ಆದಾಕಿ ಹೆಂಗ ಬಾಯಿ ತಗೀತಾಳ್ರಿ? ಲಗ್ನ ಆಗಿ ಬಂದಾಗಿಂದ ಆಕಿ ಬಾಯಾಗ ಆ ಮಾತ ಬಂದಿಲ್ಲ. ಹಿಟ್ಟಿಗಿ ಬಂದಿಲ್ಲ, ಉಪ್ಪಿಗಿ ಬಂದಿಲ್ಲ."

ಮಾಸ್ತರರು ತಲೆ ತಲೆ ಬಡಿದುಕೊಂಡರು. ಅವರ ಸ್ವಂತ ತಾಯಿ ಜಾನಕೀಬಾಯಿ, ಗಂಡನ ಹೆಸರು ಗೋವಿಂದನೆಂದು, ಭಜನೆಯಲ್ಲಿ ಆ ಹೆಸರು ಬಂದಾಗಲೆಲ್ಲ ಬಾಯಿ ಮುಚ್ಚಿ ಬರೀ ತಾಳ ತಟ್ಟುತ್ತಿದ್ದಳು. ಇದನ್ನು ನೋಡುತ್ತ ಬೆಳೆದವರು, ಎರಡು ವರ್ಷ ಒಂದೇ ಸೂರಿನ ಕೆಳಗಿದ್ದವರು, ಲಕ್ಷ್ಯ ಕೊಟ್ಟಿರಲಿಲ್ಲ. ಪುಸ್ತಕದಲ್ಲಿ ಹುಡುಕಿದ್ದು ಬೀಸುಕಲ್ಲಿನ ಬಳಿ ಇತ್ತು.

ಕೇಳುವಂತಿಲ್ಲ ಎಂದರೆ ತೋರಿಸಬಹುದಲ್ಲ. ಶಾಲೆಗೆ ರಜೆಯ ಚೀಟಿ ಕಳಿಸಿ, ಮಾಸ್ತರರು ಒಂದು ಮೊರ ತೆಗೆದುಕೊಂಡು ಓಣಿ ಸುತ್ತಿದರು. ಒಂದು ಹಿಡಿ ಹೊಳೆ ಉಸುಕು, ಒಂದು ಸೂಜಿ, ಯಾರದೋ ಮನೆಯ ಹಣಿಗೆ, ಒಂದು ಬೊಗಸೆ ಅಕ್ಕಿ, ಲಕ್ಕವ್ವನ ಮನೆಯ ಚಟ್ನಿ. ಎಲ್ಲವನ್ನೂ ಹರವಿ ಅಡುಗೆಮನೆಯ ಬಾಗಿಲ ಹೊರಗೆ ಕೂತರು. ಮನೆಯಾಕೆ ಇಣುಕಿ ನೋಡಿ ಗಾಬರಿಯಾದಳು.

"ಆರಾಮ ಅದೀರಲ್ರಿ ಮಾಸ್ತರ?"

"ಆರಾಮ!" ಎಂದು ಮಾಸ್ತರರು ಚೀರಿದರು. ಮೈ ಫೈನಾಗಿದೆ ಅನ್ನುವುದಕ್ಕೆ ಅವರು 'ಕ್ಷೇಮ' ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿ ಆರಾಮ ಎಂದು ಬರೆದುಕೊಂಡು, ತಪ್ಪಾಯಿತೆಂದು ಕೈ ಮುಗಿದರು. ಪುಸ್ತಕದ ಕಥೆ, ಮೊಳೆಯ ಕಥೆ, ಶುಕ್ರವಾರದ ಗಡುವು, ಕಡಲೆ ಕಟ್ಟುವ ಹಾಳೆ, ಒಂದನ್ನೂ ಬಿಡದೆ ಹೇಳಿದರು. ಆಕೆ ಹೊಸ್ತಿಲ ಒಳಗೆ ಕೂತು ಕೇಳಿದಳು.

"ಆ ಮಾತು ನಾ ಅನ್ನೂದಿಲ್ಲ, ನೀವೂ ಅನಬ್ಯಾಡ್ರಿ," ಎಂದು ಮಾಸ್ತರರು ಮೊರ ಮುಂದೆ ಸರಿಸಿದರು. "ಬರೇ ನೋಡಿ ಹೇಳ್ರಿ. ಈ ಉಸುಕು ಹ್ಯಾಂಗ ಅದ?"

"ಪುಡಿ ಉಸುಕ. ಗ್ವಾಡಿ ಗಿಲಾಯಕ್ಕ ಚಲೋ."

"ನನ್ನ ಧೋತರದ ಅರಿವಿ?"

"ತೆಳುವ ಐತಿ. ನವಿರ ಐತಿ."

"ಸೂಜಿ?"

"ಚೂಪ."

"ಈ ಹಣಿಗಿ?"

"ಅಯ್ಯ, ಅದು ಹೇನ ಹಣಿಗಿ ಅಲ್ಲೇನ್ರಿ! ಮೊರದಾಗ ಯಾಕ ಇಟ್ಟೀರಿ, ತಗೀರಿ!"

ಆಕೆಗೂ ಈಗ ಹುರುಪು ಬಂತು. ಅಕ್ಕಿಗೆ ಮುತ್ತಿನಂಥಾ ಅಕ್ಕಿ ಎಂದಳು. ಶ್ರಾವಣದ ಮಳೆಗೆ ಜಿಟಿಜಿಟಿ ಎಂದಳು. ಮಾಸ್ತರರ ನೋಟುಬುಕ್ಕಿನ ಗೆರೆಗೆ ಕೂದಲೆಳಿ ಗೆರಿ ಎಂದಳು. ತನ್ನ ಕುಬಸದ ತೋಳು ಮುಂದೆ ಹಿಡಿದು, ಈ ಕಸೂತಿ ನಮ್ಮವ್ವ ಹಾಕಿದ್ದು, ಇದಕ್ಕ ಕುಸುರಿ ಕೆಲಸ ಅಂತಾರ, ನಾಜೂಕ ಅಂತಾರ, ಎಂದು ಒಂದಕ್ಕೆ ಎರಡು ಕೊಟ್ಟಳು. ಚಟ್ನಿಗೆ ಬಂದಾಗ ಮಾತ್ರ ಒಂದು ತೊಡಕಾಯಿತು.

"ನುಣ್ಣಗ ಅರದಾರ."

ಬರೆಯಹೋದ ಮಾಸ್ತರರ ಕೈ ನಿಂತಿತು. "ಅದರಾಗೂ ಆ ಒತ್ತು ಅದ ಅಕ್ಕಾರ! ಕುತುಬುದ್ದೀನ ನನ್ನ ಕೊಲ್ತಾನ."

"ಹಂಗಾರ ಗಂಧದಂಗ ಅರದಾರ ಅಂತ ಬರೀರಿ. ಮಾತಿಗೇನ ಬರ ಐತ್ರಿ?" ಎಂದು ಆಕೆ ನಕ್ಕಳು. ಆಕೆ ಹೀಗೆ ಬಾಯಿ ಬಿಟ್ಟು ನಕ್ಕಿದ್ದನ್ನು ಮಾಸ್ತರರು ಎರಡು ವರ್ಷದಲ್ಲಿ ನೋಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹದಿನಾರು ಜಾಗಕ್ಕೆ ಹದಿನಾರು ಮಾತು ಕೂಡಿದವು.

ಅಷ್ಟರಲ್ಲಿ ಸಣ್ಣಪ್ಪ ಹೊಲದ ಕಣದಿಂದ ಉಣ್ಣಲು ಬಂದ. ಹೊಸ್ತಿಲ ಆಚೆ ಮಾಸ್ತರರು, ಈಚೆ ಹೆಂಡತಿ, ನಡುವೆ ಉಸುಕು, ಚಟ್ನಿ, ಹೇನಿನ ಹಣಿಗೆ. ಸಂಗತಿ ಏನೆಂದು ತಿಳಿದ ಮೇಲೆ ಅವನ ಮೀಸೆ ಅಲುಗಾಡಿತು.

"ಅಂದ್ರ ನನ್ನ ಹೆಸರ ತಗದ ಒಗೀತೀರಿ?"

"ಸಣ್ಣಪ್ಪನವರ, ಅದು ನಿಮ್ಮ ಹೆಸರಲ್ಲ, ಬರೇ ಒಂದು ಶಬ್ದ..."

"ಚಾವಡ್ಯಾಗ ನಾ ಏನ ಹೇಳ್ಲಿ? ಹದಿನೇಳ ಸಲ ಅಂತ ಊರಿಗೆಲ್ಲಾ ಹೇಳೀನಿ! ಗೌಡ ಹಲ್ಲ ಕಿಸೀತಾನ!"

ಒಳಗಿನಿಂದ ಹೆಂಡತಿಯ ದನಿ ಬಂತು. ಗೋಡೆಗೆ ಹೇಳುತ್ತಿದ್ದ ಹಾಗಿತ್ತು: "ಹೊನವಾಡದ ಹುಡುಗೂರು ಹರದಾರಿಗಟ್ಲೆ ನಡದು ಸಾಲಿಗಿ ಬರ್ತಾವ. ಅವುಕ್ಕ ಪುಸ್ತಕ ಬೇಕೋ, ಇವರಿಗೆ ಚಾವಡಿ ಬೇಕೋ, ಕೇಳ್ರಿ ಮಾಸ್ತರ."

ಸಣ್ಣಪ್ಪ ತಾಟಿನ ಮುಂದೆ ಕೂತ. ಒಂದು ಮೊಳೆ ಇನ್ನೂ ಉಳಿದಿದೆ, ಎಲ್ಲಕ್ಕಿಂತ ಮೇಲೆ, ಮೊದಲನೆಯ ಅರ್ಥವಾಗಿ 'ಸಣ್ಣ' ಎಂದೇ ಹಾಕಿಸುತ್ತೇನೆ ಎಂದು ಮಾಸ್ತರರು ಮಾತು ಕೊಟ್ಟರು. ಅವನು ರೊಟ್ಟಿ ಮುರಿದುಕೊಂಡು ಲೆಕ್ಕ ಹಾಕಿದ. ಮೇಲೆ ಇರುವುದಾದರೆ ಒಂದಾದರೂ ಅಡ್ಡಿಯಿಲ್ಲ ಎಂದು ಕೊನೆಗೆ ಒಪ್ಪಿದ.

ಶುಕ್ರವಾರ ಬೆಳಗ್ಗೆ ಮೋಟಾರು ಬರಲಿಲ್ಲ. ಹೊನವಾಡದ ಹತ್ತಿರ ಇದ್ದಿಲು ತೀರಿ ನಿಂತಿದೆಯೆಂದು ಸುದ್ದಿ ಬಂತು. ಮಾಸ್ತರರು ರಸ್ತೆಯಲ್ಲೇ ನಿಂತು ಲೆಕ್ಕ ಹಾಕಿದರು. ನಡೆದರೆ ವಿಜಾಪುರ ಮುಟ್ಟುವುದು ಯಾವಾಗ, ಮೊಳೆ ಜೋಡಿಸುವುದು ಯಾವಾಗ? ನಾಲ್ಕು ವರ್ಷ ಕಣ್ಣೆದುರಿಗೇ ಕಡಲೆ ಪೊಟ್ಟಣವಾಗುತ್ತಿತ್ತು. ಆಗ ಸಣ್ಣಪ್ಪ ಎತ್ತು ಹೂಡಿಕೊಂಡು ಗಾಡಿ ತಂದು ನಿಲ್ಲಿಸಿದ. ಕಣದಲ್ಲಿ ಜೋಳದ ರಾಶಿ ಹಾಗೇ ಬಿಟ್ಟು ಬಂದಿದ್ದ.

"ಹತ್ರಿ. ನನ್ನ ಹೆಸರ ತಗೀಲಿಕ್ಕೆ ನಾನ ಗಾಡಿ ಹೂಡಬೇಕಾತು ನೋಡ್ರಿ. ಇಂಥಾ ಹಣೆಬರಾ ಯಾರಿಗೈತಿ?"

ದಾರಿಯಲ್ಲಿ ಬೇಸರ ಕಳೆಯಲು ಮಾಸ್ತರರು ಪಟ್ಟಿ ಓದಿದರು. ಬಾರೀಕ. ಎಳೆ. ಪುಡಿ. ತೆಳುವು. ನವಿರು. ಚೂಪು. ಕುಸುರಿ. ನಾಜೂಕು. ಸಣ್ಣಪ್ಪ ಮೊದಮೊದಲು ಪ್ರತಿ ಮಾತಿಗೂ ಹೂಂಗುಟ್ಟಿದ. ಆಮೇಲೆ ಹೂಂಗುಟ್ಟುವುದನ್ನು ಬಿಟ್ಟ.

"ಇನ್ನೊಮ್ಮಿ ಓದ್ರಿ," ಎಂದ.

ಮಾಸ್ತರರು ಇನ್ನೊಮ್ಮೆ ಓದಿದರು.

"ಇದೆಲ್ಲಾ ನನ್ನ ಸಲುವಾಗಿ ಅಲ್ರಿ? ಒಂದ ಹೆಸರ ಉಳಸಾಕ ಇಷ್ಟ ಮಾತ ಗಳಿಸ್ಯಾಳ. ಇಪ್ಪತ್ತೆಂಟ ವರ್ಷ ಆತು. ನಾ ಮಗ್ಗಲದಾಗ ಇದ್ದ ಒಂದೂ ಕೇಳಿಲ್ಲ ನೋಡ್ರಿ."

 ಮಾಸ್ತರರೂ ಕೇಳಿರಲಿಲ್ಲ. ಇಬ್ಬರಿಗೂ ಒಂದೇ ನಾಚಿಕೆ, ಒಂದೇ ಗಾಡಿ. ವಿಜಾಪುರದ ಅಂಚಿನ ಇಬ್ರಾಹಿಂ ರೋಜಾದ ಮಿನಾರುಗಳು ಕಂಡಾಗ ಸಣ್ಣಪ್ಪ ಎತ್ತುಗಳನ್ನು ಜೋರಾಗಿ ಹೊಡೆದ.

ಅಚ್ಚುಕೂಟ ಮುಟ್ಟಿದಾಗ ಕುತುಬುದ್ದೀನ ಬಿಳಿ ಅಂಗಿ ತೊಟ್ಟು ಜುಮ್ಮಾ ನಮಾಜಿಗೆ ಹೊರಟಿದ್ದ. ಪಟ್ಟಿಯನ್ನು ನಿಂತಲ್ಲೇ ಓದಿದ. "ಬಾರೀಕ! ಯಾ ಅಲ್ಲಾ, ನಮ್ಮನಿಯಾಗ ದಿನಾ ಅಂತಾರ, ನನಗ ಹೊಳೀಲಿಲ್ಲ!" ಎಂದು ತನ್ನ ಹಣೆ ತಾನೇ ಬಡಿದುಕೊಂಡು, ಬಂದೆ ಎಂದು ಓಡಿದ. ನಮಾಜಿನಿಂದ ಬಂದವನು ಅಂಗಿಯ ತೋಳು ಮಡಚಿ ಕೂತ. ಮೊಳೆಗಳು ಟಕಟಕನೆ ಕೂತವು. ಕೊನೆಯ ಆ ಒಂದು ಒತ್ತು 'ಸಣ್ಣ'ದ ಕೆಳಗೆ, ಪುಟದ ಮೇಲ್ಭಾಗದಲ್ಲಿ, ಹೋಗಿ ಕೂತಿತು. ಮೂರು ಗಂಟೆಯ ಹೊತ್ತಿ‌ಗೆ ಪುಟ ಮುಗಿದು, ಅಡಿಯಲ್ಲಿ ಒಂದು ಸಾಲಿನಷ್ಟು ಖಾಲಿ ಜಾಗ ಉಳಿಯಿತು.

"ಅಲ್ಲೊಂದು ಸಾಲು ಹಾಕ್ರಿ," ಎಂದರು ಮಾಸ್ತರರು. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ್ದರು. "ಈ ಪುಟದ ಮಾತುಗಳನ್ನು ಹೇಳಿಕೊಟ್ಟವರು ಟಿಕೋಟಾದ ಸಣ್ಣಪ್ಪನವರ ಧರ್ಮಪತ್ನಿಯವರು."

ಕುತುಬುದ್ದೀನ ಕನ್ನಡಕ ತೆಗೆದು ಒರೆಸತೊಡಗಿದ.

"ಒತ್ತು ಇಲ್ಲ," ಎಂದ. "ಒಂದ ಇತ್ತು, ಮ್ಯಾಲ ಹೋತು. ಅಲ್ಲಿಂದ ಕಿತ್ತ ಇಲ್ಲಿ ಹಾಕಂದ್ರ ಹಾಕ್ತೀನಿ. ಮ್ಯಾಲ ಬರೇ ಬಾರೀಕ ಅಂತ ಇರ್ಲಿ."

ಮಾಸ್ತರರು ಸಣ್ಣಪ್ಪನ ಮುಖ ನೋಡಿದರು. "ನಿಮಗೂ ಚಲೋನ ಆತು. ಮ್ಯಾಲ ಇದ್ರ ಅದು ಬರೇ ಶಬ್ದ. ಇಲ್ಲಿ ಬಂದ್ರ ನಿಮ್ಮ ಪೂರಾ ಹೆಸರು, ಊರಿನ ಹೆಸರಿನ ಸಂಗಾಟ. ಗೌಡ ನೋಡಲಿ ಬೇಕಾದ್ರ."

ಸಣ್ಣಪ್ಪ ಮೊಳೆಯ ಪುಟದ ಮೇಲೆ ಬಗ್ಗಿದ. ಅವನಿಗೆ ಓದು ಬಾರದು, ಅದರಲ್ಲೂ ಮೊಳೆಯ ಅಕ್ಷರ ತಿರುಗುಮುರುಗು. ಆದರೂ ಬಹಳ ಹೊತ್ತು ನೋಡಿದ. ಮೀಸೆಯನ್ನು ಒಂದು ಸಲ ನೀವಿಕೊಂಡ. ಚಾವಡಿ, ಗೌಡ, ಹದಿನೇಳು ಸಲ, ಎಲ್ಲವೂ ಅವನ ಮುಖದ ಮೇಲೆ ಹಾದುಹೋದವು.

"ಮಾತು ಆಕೀವು," ಎಂದ. "ನನ್ನ ಹೆಸರ ಯಾಕ? ಆಕಿದ ಹಾಕ್ರಿ."

"ಹಾಂ, ಹೇಳ್ರಿ, ಏನ ಹೆಸರು?" ಎಂದು ಕುತುಬುದ್ದೀನ ಮೊಳೆಯ ಪೆಟ್ಟಿಗೆಗೆ ಕೈ ಹಾಕಿದ.

ಮಾಸ್ತರರು ಸಣ್ಣಪ್ಪನತ್ತ ತಿರುಗಿದರು. ಆಕೆಯ ಹೆಸರು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದೂ ಈವರೆಗೆ ಗೊತ್ತಿರಲಿಲ್ಲ. ಇಡೀ ಟಿಕೋಟಾದಲ್ಲಿ ಯಾರ ಬಾಯಲ್ಲೂ ಆ ಹೆಸರು ಕೇಳಿದ ನೆನಪಾಗಲಿಲ್ಲ. ಎರಡು ಸಾವಿರ ಇಂಗ್ಲಿಷ್ ಶಬ್ದಕ್ಕೆ ಅರ್ಥ ಬರೆದ ಮನುಷ್ಯನಿಗೆ ದಿನಾ ಎದುರಿಗೆ ಕಾಣುವಾಕೆಯ ಹೆಸರು ತಿಳಿಯದೆಂದು ಅವರಿಗೆ ನಿಜವಾಗಿ ದುಃಖವಾಯಿತು.

ಸಣ್ಣಪ್ಪನ ಕಿವಿ ಕೆಂಪೇರಿದವು. ಆರಡಿಯ ಆಳು, ಕಂಬವೊಂದನ್ನು ಹಿಡಿದು ನಿಂತುಕೊಂಡ. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕುತುಬುದ್ದೀನನ ಕಿವಿಯ ಹತ್ತಿರ ಹೋಗಿ ಹೇಳಿದ. ಕುತುಬುದ್ದೀನನ ಕಿವಿ ಸ್ವಲ್ಪ ಮಂದ.

"ಕೇಳಲಿಲ್ಲ. ಜೋರ ಹೇಳ್ರಿ."

"ಮುರಿಗೆವ್ವ!" ಎಂದು ಸಣ್ಣಪ್ಪ ಗಟ್ಟಿಯಾಗಿ ಕೂಗಿದ. ಕೂಗಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿಬಿದ್ದು, ಆಮೇಲೆ ನಿಧಾನವಾಗಿ ನಕ್ಕ. "ಲಗ್ನದಾಗ ಹಸೆ ಮ್ಯಾಲ ಕುಂತಾಗ ಒಮ್ಮೆ ಹೇಳಿಸಿದ್ರು. ಅವತ್ತು ಹೇಳಿದ್ದ, ಇವತ್ತು ಹೇಳಿದ್ದ."

ಕಾಲಿನಿಂದ ತುಳಿಯುವ ಯಂತ್ರದ ಆಳು ಅಂದು ಬಂದಿರಲಿಲ್ಲ. ಸಣ್ಣಪ್ಪನೇ ಧೋತರ ಮೇಲಕ್ಕೆ ಕಟ್ಟಿ ತುಳಿಯತೊಡಗಿದ. ಐನೂರು ಹಾಳೆಗೆ ಐನೂರು ತುಳಿತ. ಮಾಸ್ತರರು ಎಣಿಸುತ್ತ ಹಾಳೆ ಎತ್ತಿಟ್ಟರು. ಐದು ಗಂಟೆಗೆ ಕಂಟ್ರೋಲ್ ಆಫೀಸಿನವರು ಬಂದಾಗ ಹಸಿ ಮಸಿಯ ಹಾಳೆಗಳು ಹಗ್ಗದ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಒಯ್ಯಲು ಅವರಿಗೆ ಒಂದು ಖಾಲಿ ಹಾಳೆಯೂ ಉಳಿದಿರಲಿಲ್ಲ.

ಹದಿನೈದು ದಿನದ ಮೇಲೆ ಹೊಲಿಗೆ ಹಾಕಿದ ಪುಸ್ತಕಗಳು ಮೋಟಾರಿನಲ್ಲಿ ಟಿಕೋಟಾಕ್ಕೆ ಬಂದವು. ಮಾಸ್ತರರು ಮೊದಲನೆಯ ಪ್ರತಿ ಹಿಡಿದು ನೇರವಾಗಿ ಪಡಸಾಲೆಗೆ ಹೋದರು. ಮನೆಯಾಕೆ ಮತ್ತು ಲಕ್ಕವ್ವ ಬೀಸುತ್ತಿದ್ದರು. ಸಣ್ಣಪ್ಪ, ಯಾರೂ ಕೇಳದಿದ್ದರೂ, ಕಟ್ಟೆಯ ಮೇಲೆ ಹಗ್ಗ ಹೊಸೆಯುವ ನೆಪ ಮಾಡಿಕೊಂಡು ಕೂತ. ಮಾಸ್ತರರು ಫೈನ್ ಪುಟ ತೆರೆದು, ಮೊದಲನೆಯ ಅರ್ಥವನ್ನು ಮರ್ಯಾದೆಯಿಂದ ಹಾರಿಸಿ, ಉಳಿದದ್ದನ್ನು ಗಟ್ಟಿಯಾಗಿ ಓದಿದರು. ದಂಡ ಬಂತು, ಚಲೋ ಬಂತು, ಆರಾಮ ಬಂತು. ಬಾರೀಕ ಬಂದಾಗ ಮನೆಯಾಕೆ ಕಲ್ಲು ನಿಲ್ಲಿಸಿದಳು. ಹೇನ ಹಣಿಗೆ ಬಂದಾಗ ಅದನ್ನೂ ಹಾಕೀರೇನ್ರಿ ಎಂದು ತಲೆಯ ಮೇಲೆ ಕೈ ಹೊತ್ತಳು.

ಕೊನೆಗೆ ಮಾಸ್ತರರು ಅಡಿಯ ಸಾಲು ಓದಿದರು: "ಈ ಪುಟದ ಮಾತುಗಳನ್ನು ಹೇಳಿಕೊಟ್ಟವರು ಟಿಕೋಟಾದ ಮುರಿಗೆವ್ವನವರು."

ಲಕ್ಕವ್ವ ಹಿಟ್ಟಿನ ಕೈಯನ್ನು ಗಲ್ಲಕ್ಕೆ ಹಚ್ಚಿ ಯೋಚಿಸಿದಳು. "ಯಾರ ಬೇ ಈ ಮುರಿಗೆವ್ವ? ನಮ್ಮ ಓಣ್ಯಾಗ ಅಂಥಾಕಿ ಯಾರೂ ಇಲ್ಲಲ್ಲ? ಮಾತೆಲ್ಲಾ ನಿಂದು, ಹೆಸರ ಯಾರದೋ ಹಾಕ್ಯಾರ ನೋಡು!"

ಮನೆಯಾಕೆ ಕಟ್ಟೆಯ ಕಡೆ ನೋಡಿದಳು. ಸಣ್ಣಪ್ಪ ತಲೆ ಎತ್ತದೆ ಹಗ್ಗ ಹೊಸೆಯುತ್ತಿದ್ದ, ಕಿವಿ ಮಾತ್ರ ಕೆಂಪಾಗಿದ್ದವು. ಆಕೆಗೆ ಎಲ್ಲ ತಿಳಿಯಿತು. ಕಣ್ಣು ತುಂಬಿ ಬಂದವು. ಆದರೂ ನಗುವನ್ನು ಹಿಡಿಯಲಾಗಲಿಲ್ಲ.

"ನಾನ ಬೇ," ಎಂದಳು. "ಮುರಿಗೆವ್ವ ಅಂದ್ರ ನಾನ."

"ಯವ್ವಾ!" ಎಂದು ಲಕ್ಕವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಇಪ್ಪತ್ತೆಂಟು ವರ್ಷ ಒಂದೇ ಕಲ್ಲಿನ ಗೂಟ ಹಿಡಿದು ತಿರುಗಿಸಿದವಳಿಗೂ ಆ ಹೆಸರು ಗೊತ್ತಿರಲಿಲ್ಲ.

ಮರುದಿನ ನಸುಕಿನಲ್ಲಿ ಲಕ್ಕವ್ವ ಗೋಡೆಯ ಆಚೆಯಿಂದ ಕರೆದಳು. "ಏ ಮುರಿಗೆವ್ವಾ!" ಈ ಕಡೆ ಅಂಗಳ ಗುಡಿಸುತ್ತಿದ್ದಾಕೆ ಗುಡಿಸುತ್ತಲೇ ಇದ್ದಳು. "ಮುರಿಗೆವ್ವಾ, ಬೀಸಾಕ ಬರ್ತೀಯೋ ಇಲ್ಲೋ!" ಆಕೆ ತಲೆ ಎತ್ತಿ, ಯಾರನ್ನು ಕರೆಯುತ್ತಿದ್ದಾಳೆಂದು ಓಣಿಯ ಕಡೆ ನೋಡಿದಳು. ಮೂರನೆಯ ಸಲ ಕರೆದಾಗ ಕಸಬರಿಗೆ ಕೆಳಗೆ ಹಾಕಿ, ಓಣಿಗೆಲ್ಲ ಕೇಳುವ ಹಾಗೆ ಓಗೊಟ್ಟಳು: "ಬಂದೆ ಬೇ!"